ಅಣ್ಣನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬಂದಿದೆ: ನಾನು ಹಾಲು ಬಿಡಬೇಕೆ, ಅಗಸಿ ಹಿಂಡಿ ಬಿಡಬೇಕೆ?

ಪ್ರಶ್ನೆ: ನನಗೆ 54 ವರ್ಷ. ಜಮಖಂಡಿ ತಾಲ್ಲೂಕಿನ ಹಳ್ಳಿ, ಕಬ್ಬಿನ ಹೊಲ, ಮನೆಯಲ್ಲಿ ಎರಡು ಎಮ್ಮೆ. 66 ವರ್ಷದ ನಮ್ಮ ಅಣ್ಣನಿಗೆ ಆರು ತಿಂಗಳ ಹಿಂದೆ ಪ್ರಾಸ್ಟೇಟ್ ಕ್ಯಾನ್ಸರ್ ಅಂತ ಗೊತ್ತಾಯಿತು. ಮೂರು ತಿಂಗಳಿಗೊಮ್ಮೆ ಹಾರ್ಮೋನ್ ಇಂಜೆಕ್ಷನ್ ಕೊಡುತ್ತಾರೆ, ದಿನಾ ನಾಲ್ಕು ಗುಳಿಗೆ ಬೇರೆ. ಹಾಲು ಈ ರೋಗಕ್ಕೆ ವಿಷ ಅಂತ ಯಾರೋ ಹೇಳಿದ್ದಕ್ಕೆ ಮನೆಯಲ್ಲಿ ಹಾಲು, ಮೊಸರು ಎಲ್ಲಾ ಬಂದ್ ಆಗಿದೆ. ಅಗಸಿ ಹಿಂಡಿ (ಅಗಸೆ ಚಟ್ನಿಪುಡಿ) ಒಳ್ಳೆಯದು ಅಂತ ಒಬ್ಬರು, ಕೆಟ್ಟದ್ದು ಅಂತ ಇನ್ನೊಬ್ಬರು. ಟೊಮ್ಯಾಟೊ ದಿನಾ ತಿನ್ನು, ಸೆಲೆನಿಯಂ ಮತ್ತು ವಿಟಮಿನ್ ಇ ಗುಳಿಗೆ ತಗೋ ಅನ್ನುತ್ತಾರೆ. ನನ್ನ ತೂಕ 84 ಕೆಜಿ, ಎತ್ತರ 5 ಅಡಿ 6 ಇಂಚು, ಸೊಂಟ 41 ಇಂಚು. ಪಿಎಸ್‌ಎ (ಪ್ರಾಸ್ಟೇಟ್ ಗ್ರಂಥಿಯಿಂದ ರಕ್ತಕ್ಕೆ ಸೇರುವ ಒಂದು ಪದಾರ್ಥ) ಅಳೆಯುವ ರಕ್ತ ಪರೀಕ್ಷೆ ಮಾಡಿಸಿಲ್ಲ. ನಾನು ಏನು ತಿನ್ನಬೇಕು, ಏನು ಬಿಡಬೇಕು?

ಉತ್ತರ: ಹಾಲಿನ ಮಾತು ಮೊದಲು. ನಿಮ್ಮ ಪತ್ರದಲ್ಲಿ ಇವತ್ತೇ ಸರಿಪಡಿಸಬೇಕಾದದ್ದು ಅದು. ಅಣ್ಣನವರಿಗೆ ಹಾಲು, ಮೊಸರು, ಮಜ್ಜಿಗೆ ಮತ್ತೆ ಶುರು ಮಾಡಿ.

ಅವರಿಗೆ ಕೊಡುತ್ತಿರುವ ಇಂಜೆಕ್ಷನ್ ಟೆಸ್ಟೊಸ್ಟಿರೋನ್ ಎಂಬ ಗಂಡು ಹಾರ್ಮೋನನ್ನು ಬಹುತೇಕ ಪೂರ್ತಿ ಇಳಿಸಿಬಿಡುತ್ತದೆ. ಈ ಕ್ಯಾನ್ಸರ್ ಬೆಳೆಯುವುದೇ ಆ ಹಾರ್ಮೋನಿನ ಬಲದ ಮೇಲೆ. ಹಾಗಾಗಿ ಚಿಕಿತ್ಸೆ ಸರಿಯಾಗಿದೆ. ಆದರೆ ಗಂಡಸರ ಎಲುಬು ಗಟ್ಟಿಯಾಗಿರುವುದಕ್ಕೂ ಅದೇ ಹಾರ್ಮೋನು ಬೇಕು. ಅದು ಇಳಿದ ಮೊದಲ ವರ್ಷದಲ್ಲೇ ಎಲುಬು ಸವೆಯತೊಡಗುತ್ತದೆ, ತೋಳು ತೊಡೆಗಳ ಮಾಂಸಖಂಡ ಕರಗುತ್ತದೆ, ಹೊಟ್ಟೆ ಬರುತ್ತದೆ, ರಕ್ತದ ಸಕ್ಕರೆ ಏರುತ್ತದೆ. ಇಂಥ ಹೊತ್ತಿನಲ್ಲಿ ಹಾಲು ಮೊಸರು ಕಿತ್ತುಕೊಂಡರೆ ಬಚ್ಚಲಲ್ಲಿ ಒಮ್ಮೆ ಜಾರಿದ್ದಕ್ಕೇ ಚಪ್ಪೆ ಮುರಿದೀತು. ಕ್ಯಾನ್ಸರ್ ಹತೋಟಿಯಲ್ಲಿದ್ದೂ ಎಲುಬು ಮುರಿದು ಹಾಸಿಗೆ ಹಿಡಿಯುವವರಿದ್ದಾರೆ, ಅದನ್ನು ತಪ್ಪಿಸಬಹುದು.

ಅವರಿಗೆ ದಿನಕ್ಕೆ 1000ದಿಂದ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಮಿಲಿ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ ಇರುತ್ತದೆ. ಒಂದು ಲೋಟ ಹಾಲು, ಮಧ್ಯಾಹ್ನ ಒಂದು ಬಟ್ಟಲು ಮೊಸರು, ಸಂಜೆ ಮಜ್ಜಿಗೆ ಆದರೆ ಸುಮಾರು ಅರ್ಧ ಬಂತು. ಉಳಿದದ್ದು ಸೊಪ್ಪು, ಕಾಳು, ಎಳ್ಳಿನಿಂದ ಬರಬೇಕು. ಡಾಕ್ಟರು ಕ್ಯಾಲ್ಸಿಯಂ ಗುಳಿಗೆ ಬರೆದಿದ್ದರೆ ಅದರಲ್ಲಿರುವ ಪ್ರಮಾಣವನ್ನೂ ಈ ಲೆಕ್ಕಕ್ಕೇ ಸೇರಿಸಿಕೊಳ್ಳಿ. ವಿಟಮಿನ್ ಡಿ ಎಷ್ಟಿದೆ ಎಂದು ಒಮ್ಮೆ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಮೈಯ ಪ್ರತಿ ಕೆಜಿ ತೂಕಕ್ಕೆ 1 ಗ್ರಾಂನಿಂದ 1.2 ಗ್ರಾಂ ಪ್ರೋಟೀನ್ ಬೇಕು. ಅವರು 60 ಕೆಜಿ ಇದ್ದರೆ 60ರಿಂದ 72 ಗ್ರಾಂ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ಈ ಪ್ರಮಾಣವನ್ನು ಡಾಕ್ಟರನ್ನು ಕೇಳಿ ನಿರ್ಧರಿಸಿ. ದಿನಾ ನಡೆಯಲಿ. ಕೂತು ಏಳುವ ಕಸರತ್ತು, ನೀರು ತುಂಬಿದ ಲೀಟರ್ ಬಾಟಲಿ ಎತ್ತುವ ಕಸರತ್ತು ವಾರಕ್ಕೆ ಎರಡು ಮೂರು ಸಲವಾದರೂ ಇರಲಿ. ಕ್ಯಾನ್ಸರ್ ಎಲುಬಿಗೆ ಹರಡಿದ್ದರೆ ಯಾವ ಭಾರ ಎತ್ತಬಾರದು ಎಂದು ಮೊದಲೇ ಕೇಳಿಕೊಳ್ಳಿ.

ಇನ್ನು ಆ ನಾಲ್ಕು ಗುಳಿಗೆ. ನೀವು ಹೆಸರು ಬರೆದಿಲ್ಲ. ಈ ರೋಗಕ್ಕೆ ದಿನಕ್ಕೆ ನಾಲ್ಕರ ಲೆಕ್ಕದಲ್ಲಿ ಕೊಡುವ ಔಷಧಿ ಹಲವಿವೆ, ಎರಡನ್ನು ಹೇಳುತ್ತೇನೆ. ಒಂದು ಎಂಜಲುಟಮೈಡ್, ಅದನ್ನು ಊಟದ ಮುಂಚೆಯಾದರೂ ನುಂಗಬಹುದು, ಆಮೇಲಾದರೂ ನುಂಗಬಹುದು. ಇನ್ನೊಂದು ಅಬಿರಾಟೆರೋನ್, 250 ಮಿಲಿಗ್ರಾಂನ ನಾಲ್ಕು ಗುಳಿಗೆ. ಇದನ್ನು ಖಾಲಿ ಹೊಟ್ಟೆಯಲ್ಲೇ ನುಂಗಬೇಕು. ನುಂಗುವ ಮುಂಚೆ ಎರಡು ತಾಸು, ನುಂಗಿದ ಮೇಲೆ ಒಂದು ತಾಸು ನೀರು ಬಿಟ್ಟು ಬೇರೇನೂ ಬೇಡ. ಚಹಾ ಕೂಡ ಬೇಡ. ಎಣ್ಣೆ ತುಪ್ಪದ ಊಟದ ಜೊತೆ ನುಂಗಿದರೆ ರಕ್ತಕ್ಕೆ ಸೇರುವ ಔಷಧಿ ಹತ್ತು ಪಟ್ಟಿನವರೆಗೂ ಏರಬಹುದು. ಆಗ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ, ಕಾಲಿಗೆ ಬಾವು ಬರುತ್ತದೆ. ಬೆಳಿಗ್ಗೆ ಐದೂವರೆಗೆ ಎದ್ದ ಕೂಡಲೇ ನುಂಗಿ, ಆರೂವರೆಗೆ ಚಹಾ ಕುಡಿಯುವುದು ಹಳ್ಳಿಯ ದಿನಚರಿಗೆ ಸರಿಹೊಂದುತ್ತದೆ. ಖರ್ಚು ತಗ್ಗಿಸಲು ಕೆಲವು ಡಾಕ್ಟರು ಇದೇ ಔಷಧಿಯ ಒಂದೇ ಗುಳಿಗೆಯನ್ನು ಬೇಕೆಂದೇ ತಿಂಡಿಯ ಜೊತೆ ಕೊಡುತ್ತಾರೆ. ಆ ಲೆಕ್ಕ ಬೇರೆ, ಅವರವರಿಗೆ ಬರೆದುಕೊಟ್ಟಂತೆಯೇ ನಡೆಯಬೇಕು. ಗುಳಿಗೆಯ ಚೀಟಿ ತೆಗೆದು ಇವತ್ತೇ ಹೆಸರು ಓದಿ.

ಈಗ ನಿಮ್ಮ ವಿಷಯ. ಹಾಲು ಬಿಡಿ ಎಂಬ ಮಾತು ಪೂರ್ತಿ ಗಾಳಿಮಾತಲ್ಲ. ಹೆಚ್ಚು ಹಾಲು ಕುಡಿಯುವ ಗಂಡಸರಲ್ಲಿ ಈ ಕ್ಯಾನ್ಸರ್ ತುಸು ಹೆಚ್ಚು ಕಾಣುತ್ತದೆ ಎಂದು ಹಲವು ಅಧ್ಯಯನಗಳು ಹೇಳಿವೆ. ಅವನ್ನು ಒಟ್ಟು ಸೇರಿಸಿ 2015ರಲ್ಲಿ ಲೆಕ್ಕ ಹಾಕಿದಾಗ ದಿನಕ್ಕೆ ಪ್ರತಿ 400 ಗ್ರಾಂ ಹಾಲು ಮತ್ತು ಹಾಲಿನ ಪದಾರ್ಥಕ್ಕೆ ಅಪಾಯ ಶೇ 7ರಷ್ಟು ಹೆಚ್ಚು ಎಂದು ಬಂತು. ಅಮೆರಿಕದ ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಥದವರ ಮೇಲಿನ 2022ರ ವರದಿಯಲ್ಲಿ ದಿನಕ್ಕೆ 430 ಗ್ರಾಂ ಹಾಲು ಮತ್ತು ಹಾಲಿನ ಪದಾರ್ಥ ಸೇವಿಸುವವರಿಗೆ, 20 ಗ್ರಾಂ ಮಾತ್ರ ಸೇವಿಸುವವರಿಗಿಂತ ಅಪಾಯ ಶೇ 27ರಷ್ಟು ಹೆಚ್ಚಿತ್ತು. ಆದರೆ ಇವೆಲ್ಲ ಜನ ತಿಂದದ್ದನ್ನು ಬರೆದುಕೊಂಡು ವರ್ಷಗಟ್ಟಲೆ ನೋಡಿದ ಅಧ್ಯಯನಗಳು. ಹಾಲು ಬಿಡಿಸಿ ಕ್ಯಾನ್ಸರ್ ತಡೆದು ತೋರಿಸಿದ್ದಲ್ಲ. ವರ್ಲ್ಡ್ ಕ್ಯಾನ್ಸರ್ ರಿಸರ್ಚ್ ಫಂಡ್ ಎಂಬ ಸಂಶೋಧನಾ ಸಂಸ್ಥೆ 2014ರಲ್ಲಿ ಎಲ್ಲವನ್ನೂ ತೂಗಿ ನೋಡಿ ಹಾಲಿನ ಪುರಾವೆಯನ್ನು ‘ಸೀಮಿತ’ ಎಂಬ ಪಟ್ಟಿಯಲ್ಲಿಟ್ಟಿತು.

ಅಪಾಯದ ಸೂಚನೆ ಹೆಚ್ಚಾಗಿ ಸಿಗುವುದು ದಿನಕ್ಕೆ ಸುಮಾರು 2000 ಮಿಲಿಗ್ರಾಂ ಕ್ಯಾಲ್ಸಿಯಂ ದಾಟಿದವರಲ್ಲಿ. ಎರಡು ಕಪ್ಪು ಚಹಾ, ಒಂದು ಬಟ್ಟಲು ಮೊಸರು ತಿನ್ನುವವರು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಮನೆಯಲ್ಲಿ ಎಮ್ಮೆ ಇದೆ ಎಂದು ದಿನಕ್ಕೆ ಲೀಟರ್ ಮೇಲೆ ಹಾಲು ಮೊಸರು ಹೊಡೆದು, ಮೊಣಕಾಲು ನೋವಿಗೆಂದು ಅಂಗಡಿಯಿಂದ ತಾವೇ ತಂದ ಕ್ಯಾಲ್ಸಿಯಂ ಗುಳಿಗೆಯನ್ನೂ ನುಂಗುವವರು ಹೋಗಬಹುದು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯ ತಾಟಿನಲ್ಲಿ ದಿನಕ್ಕೆ 300 ಮಿಲಿ ಹಾಲಿದೆ. ಚಹಾ, ಮೊಸರು, ಮಜ್ಜಿಗೆ ಎಲ್ಲ ಸೇರಿ ನೀವು ಅಷ್ಟರಲ್ಲಿರಿ, ಕೆನೆ ತೆಗೆದು ಬಳಸಿ. ಡಾಕ್ಟರು ಬರೆಯದ ಕ್ಯಾಲ್ಸಿಯಂ ಗುಳಿಗೆ ನಿಲ್ಲಿಸಿ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಆ 41 ಇಂಚು. ಊಟ ಮತ್ತು ಪ್ರಾಸ್ಟೇಟ್ ಕ್ಯಾನ್ಸರ್ ನಡುವೆ ಇರುವ ನಂಟುಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಮೈಯ ಕೊಬ್ಬಿನದು. ಅದೇ 2014ರ ವರದಿ ‘ಬಹುಮಟ್ಟಿಗೆ ಖಚಿತ’ ಎಂದದ್ದು ಇದನ್ನು: ಬೊಜ್ಜು ಇದ್ದವರಿಗೆ ಮುಂದುವರಿದ ಹಂತದ, ಹರಡುವ ಬಗೆಯ ಪ್ರಾಸ್ಟೇಟ್ ಕ್ಯಾನ್ಸರಿನ ಅಪಾಯ ಹೆಚ್ಚು. ಸೊಂಟ 10 ಸೆಂಟಿಮೀಟರ್ ಹೆಚ್ಚಾದಂತೆ ಅದು ಸುಮಾರು ಶೇ 12 ಏರುತ್ತದೆ. ನಿಮ್ಮದು 104 ಸೆಂಟಿಮೀಟರ್. ನಮ್ಮ ದೇಶದ ಗಂಡಸರಿಗೆ ಮಿತಿ 90. ಎತ್ತರಕ್ಕೆ ತಕ್ಕ ತೂಕದ ಲೆಕ್ಕವಾದ ಬಿಎಂಐ ಸುಮಾರು 30 ಆಗುತ್ತದೆ; ಭಾರತೀಯರಿಗೆ 25 ದಾಟಿದರೆ ಬೊಜ್ಜು ಎಂದೇ ಲೆಕ್ಕ. ಇನ್ನೊಂದು ಕಿರಿಕಿರಿ ಇದೆ. ದಪ್ಪ ಮೈಯವರಲ್ಲಿ ರಕ್ತದ ಒಟ್ಟು ಪ್ರಮಾಣ ಹೆಚ್ಚಿರುವುದರಿಂದ ಪಿಎಸ್‌ಎ ತೆಳುವಾಗಿ, ಇರುವುದಕ್ಕಿಂತ ಕಡಿಮೆ ಎಂದು ಕಾಣುತ್ತದೆ. ರೋಗವಿದ್ದರೆ ತಡವಾಗಿ ಸಿಗುತ್ತದೆ.

ಸೊಂಟ ಅಳೆಯುವಾಗ ಪ್ಯಾಂಟಿನ ಬೆಲ್ಟಿನ ಲೆಕ್ಕ ನಂಬಬೇಡಿ, ಬೆಲ್ಟು ಹೊಟ್ಟೆಯ ಕೆಳಗೆ ಕೂತಿರುತ್ತದೆ. ಕೊನೆಯ ಪಕ್ಕೆಲುಬು ಮತ್ತು ಚಪ್ಪೆಯ ಎಲುಬಿನ ನಟ್ಟನಡುವೆ, ಬಹುತೇಕ ಹೊಕ್ಕುಳ ಮಟ್ಟದಲ್ಲಿ, ಉಸಿರು ಬಿಟ್ಟು ಟೇಪು ಸುತ್ತಿ.

ಇಳಿಸುವುದು ಹೇಗೆ? ನಮ್ಮ ಕಡೆಯ ಮೂಲ ಊಟದಲ್ಲಿ ತಪ್ಪು ಹುಡುಕುವುದು ಕಷ್ಟ. ಜೋಳದ ರೊಟ್ಟಿ, ಹೆಸರುಕಾಳು ಅಥವಾ ಮಡಿಕಿಕಾಳಿನ ಪಲ್ಯ, ಪುಂಡಿ ಪಲ್ಯ, ಹಸಿ ಮೂಲಂಗಿ, ಹಕ್ಕರಕಿ, ಮೆಂತ್ಯೆ, ಉಳ್ಳಾಗಡ್ಡಿ, ಮೇಲೊಂದು ಚಮಚ ಹಿಂಡಿ: ದೊಡ್ಡ ಊರಿನ ಆಹಾರ ತಜ್ಞರು ಹಣ ತೆಗೆದುಕೊಂಡು ಬರೆದುಕೊಡುವ ಪಟ್ಟಿಯಲ್ಲೂ ಇದಕ್ಕಿಂತ ಹೆಚ್ಚೇನೂ ಇರುವುದಿಲ್ಲ. 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 10 ಗ್ರಾಂ ನಾರು ಇದೆ. ಕೆಟ್ಟಿರುವುದು ಅದರ ಸುತ್ತಲಿನದು. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು, ಹೊಲಕ್ಕೆ ಬೈಕಿನಲ್ಲಿ ಹೋಗುವುದಾಯಿತು. ರೊಟ್ಟಿಯ ಲೆಕ್ಕ ಮಾತ್ರ ನೇಗಿಲು ಹೊಡೆಯುತ್ತಿದ್ದ ಕಾಲದ್ದೇ ಉಳಿಯಿತು. ಅದರ ಮೇಲೆ ಅನ್ನ ಬಂತು. ದಿನಕ್ಕೆ ಐದು ಚಹಾ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಎಂದರೆ 50 ಗ್ರಾಂ, ಅದೇ 200 ಕ್ಯಾಲೊರಿ. ಸಂಜೆ ಮಿರ್ಚಿ ಚುರುಮುರಿ.

ದಿನಕ್ಕೆ 250ರಿಂದ 300 ಕ್ಯಾಲೊರಿ ಕಡಿಮೆಯಾದರೆ ತಿಂಗಳಿಗೆ ಸುಮಾರು ಒಂದು ಕೆಜಿ ಇಳಿಯುತ್ತದೆ. ಆರು ತಿಂಗಳಿಗೆ ಐದಾರು ಕೆಜಿ ಸಾಕು, ಅವಸರ ಬೇಡ. ಚಹಾ ಎರಡಕ್ಕಿಳಿಸಿ, ಅರ್ಧ ಚಮಚ ಸಕ್ಕರೆ ಹಾಕಿ. ಸಕ್ಕರೆ ಬಿಟ್ಟು ಮಹಾಲಿಂಗಪುರದ ಬೆಲ್ಲ ಹಾಕಿದರೂ ಕ್ಯಾಲೊರಿ ಬಹುತೇಕ ಅಷ್ಟೇ. ರಾತ್ರಿ ರೊಟ್ಟಿ ತಿಂದರೆ ಅನ್ನ ಬೇಡ, ಅನ್ನ ಉಂಡರೆ ರೊಟ್ಟಿ ಬೇಡ. ಮೊದಲು ಒಂದು ಬಟ್ಟಲು ಪಚಡಿ ಮತ್ತು ಕಾಳಿನ ಪಲ್ಯ ತಿಂದು ಆಮೇಲೆ ರೊಟ್ಟಿಗೆ ಕೈ ಹಾಕಿ, ಮೂರನೆಯ ರೊಟ್ಟಿ ತಾನೇ ಉಳಿಯುತ್ತದೆ. 65 ಗ್ರಾಂ ಹಿಟ್ಟಿನ ಒಂದು ರೊಟ್ಟಿ ಉಳಿದರೂ 220 ಕ್ಯಾಲೊರಿ ಉಳಿದಂತೆ. ಎಣ್ಣೆಯನ್ನು ಬಾಣಲೆಯಲ್ಲಿ ಅಳೆಯಲು ಯಾರಿಗೂ ಆಗುವುದಿಲ್ಲ, ಡಬ್ಬಿಯಲ್ಲಿ ಅಳೆಯಿರಿ. ಪೋಷಣ ಸಂಸ್ಥೆಯ ತಾಟಿನಲ್ಲಿ ಒಬ್ಬರಿಗೆ ದಿನಕ್ಕೆ 27 ಗ್ರಾಂ; ನಾಲ್ಕು ಜನರ ಮನೆಗೆ ತಿಂಗಳಿಗೆ ಸುಮಾರು ಮೂರೂವರೆ ಲೀಟರ್. ಐದು ಲೀಟರಿನ ಡಬ್ಬಿ ಇಪ್ಪತ್ತು ದಿನಕ್ಕೆ ಖಾಲಿಯಾಗುತ್ತಿದ್ದರೆ ಎಲ್ಲಿ ಸೋರುತ್ತಿದೆ ಎಂದು ಅಡಿಗೆಮನೆಯಲ್ಲಿ ಎಲ್ಲರೂ ಕೂತು ನೋಡಬೇಕು. ಶೇಂಗಾ ಎಣ್ಣೆಯೋ ಕುಸುಬಿ ಎಣ್ಣೆಯೋ ಎಂಬುದು ಈ ರೋಗದ ಮಟ್ಟಿಗೆ ಅಂಥ ದೊಡ್ಡ ಪ್ರಶ್ನೆಯಲ್ಲ. ಕುಂದಾ, ಕರದಂಟು, ಮಾದೇಲಿ ಹಬ್ಬಕ್ಕೆ ತಿನ್ನಿ. ಕರದಂಟಿನಲ್ಲಿ ಅಂಟು, ಒಣಹಣ್ಣು ಇದೆ, ಪುಷ್ಟಿ ಎಂದು ದಿನಾ ತಿಂದರೆ ಸೊಂಟ ಇಳಿಯುವುದಿಲ್ಲ.

ಅಗಸಿ ಹಿಂಡಿ ಬಿಡಬೇಡಿ. ಅಗಸಿಯಲ್ಲಿ ಆಲ್ಫಾ ಲಿನೋಲೆನಿಕ್ ಎಂಬ ಒಮೆಗಾ 3 ಕೊಬ್ಬು ಹೇರಳವಾಗಿದೆ. ಈ ಕೊಬ್ಬು ಹೆಚ್ಚಿದ್ದವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಹೆಚ್ಚು ಎಂದು 2004ರ ಸುಮಾರಿಗೆ ಕೆಲವು ಲೆಕ್ಕಗಳು ಹೇಳಿದವು. ಕೆಟ್ಟದ್ದು ಎಂಬ ಮಾತಿನ ಬೇರು ಅಲ್ಲಿದೆ. ಆಮೇಲೆ ಹೆಚ್ಚಿನ ಅಧ್ಯಯನಗಳು ಸೇರಿದಂತೆ ಆ ನಂಟು ನಿಲ್ಲಲಿಲ್ಲ. 2008ರಲ್ಲಿ ಅಮೆರಿಕದ ಒಂದು ಪ್ರಯೋಗದಲ್ಲಿ, ಪ್ರಾಸ್ಟೇಟ್ ತೆಗೆಯುವ ಶಸ್ತ್ರಚಿಕಿತ್ಸೆಗೆ ಕಾಯುತ್ತಿದ್ದ 161 ಜನರಲ್ಲಿ ಕೆಲವರಿಗೆ ಸುಮಾರು ಒಂದು ತಿಂಗಳು ದಿನಕ್ಕೆ 30 ಗ್ರಾಂ ಅಗಸಿ ಪುಡಿ ಕೊಟ್ಟರು. ತೆಗೆದ ಗಡ್ಡೆಯನ್ನು ನೋಡಿದಾಗ ಅಗಸಿ ತಿಂದವರಲ್ಲಿ ಕ್ಯಾನ್ಸರ್ ಕಣಗಳು ನಿಧಾನವಾಗಿ ಹೆಚ್ಚುತ್ತಿದ್ದವು. ಸಂತೋಷದ ಸುದ್ದಿಯೇ. ಆದರೆ ಒಂದು ತಿಂಗಳಿನ ಕಣಗಳ ಲೆಕ್ಕದಿಂದ ಆಯುಷ್ಯ ಹೆಚ್ಚಿತು ಎಂದು ಹೇಳಲಾಗದು.

ನಾವು ದಿನಾ ತಿನ್ನುವುದು ಒಂದೆರಡು ಚಮಚ, ಹತ್ತು ಗ್ರಾಂ ಆಸುಪಾಸು. ಅಷ್ಟು ಮುಂದುವರಿಸಿ. ಇಡೀ ಕಾಳು ತಿಂದರೆ ಸಿಪ್ಪೆ ಒಡೆಯದೆ ಹಾಗೇ ಹೊರಗೆ ಹೋಗುತ್ತದೆ, ಕುಟ್ಟಲೇಬೇಕು. ಸಣ್ಣ ಉರಿಯಲ್ಲಿ ಚಟಪಟ ಸದ್ದು ನಿಲ್ಲುವವರೆಗೆ ಹುರಿಯಿರಿ, ಕಪ್ಪಾಗಿಸಬೇಡಿ. ಈ ಕೊಬ್ಬು ಗಾಳಿ ಬೆಳಕಿಗೆ ಬೇಗ ಕಮಟುತ್ತದೆ. ಮೂರು ತಿಂಗಳಿನ ಹಿಂಡಿ ಒಮ್ಮೆಗೇ ಕುಟ್ಟಿಡುವ ಬದಲು ಎರಡು ಮೂರು ವಾರಕ್ಕೆ ಸಾಕಾಗುವಷ್ಟು ಮಾಡಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಕಹಿಯಾದರೆ ಅಥವಾ ಪೇಂಟಿನಂಥ ವಾಸನೆ ಬಂದರೆ ಚೆಲ್ಲಿಬಿಡಿ. ಉಪ್ಪು ಅಳತೆಯಲ್ಲಿರಲಿ. ತಿಂದ ಮೇಲೆ ನೀರು ಹೆಚ್ಚು ಕುಡಿಯಿರಿ, ಇಲ್ಲದಿದ್ದರೆ ಮಲ ಕಟ್ಟುತ್ತದೆ.

ಟೊಮ್ಯಾಟೊ ಖ್ಯಾತಿ ಬಂದದ್ದು 1995ರಲ್ಲಿ, ಅಮೆರಿಕದ ಆರೋಗ್ಯ ಕ್ಷೇತ್ರದ ನೌಕರರ ಒಂದು ದೊಡ್ಡ ಅಧ್ಯಯನದಿಂದ. ಅದರ ಕೆಂಪು ಬಣ್ಣದ ಲೈಕೋಪೀನ್ ಕಾರಣ ಎಂದರು. 2007ರಲ್ಲಿ ‘ಬಹುಮಟ್ಟಿಗೆ ಕಾಯುತ್ತದೆ’ ಎಂದಿದ್ದ ವರ್ಲ್ಡ್ ಕ್ಯಾನ್ಸರ್ ರಿಸರ್ಚ್ ಫಂಡ್ 2014ರಲ್ಲಿ ಆ ಮಾತನ್ನು ಹಿಂದಕ್ಕೆ ಪಡೆಯಿತು. ಬೇಯಿಸಿ, ತುಸು ಎಣ್ಣೆ ಇದ್ದರೆ ಲೈಕೋಪೀನ್ ಚೆನ್ನಾಗಿ ಮೈಗೆ ಹತ್ತುತ್ತದೆ; ಸಾರು, ಚಟ್ನಿ, ಪಲ್ಯದಲ್ಲಿ ಬರುವಷ್ಟು ಸಾಕು. ಕಲ್ಲಂಗಡಿ, ಕೆಂಪು ತಿರುಳಿನ ಪೇರಲದಲ್ಲೂ ಅದೇ ಇದೆ. ಲೈಕೋಪೀನ್ ಗುಳಿಗೆಗೆ ದುಡ್ಡು ಹಾಕಬೇಡಿ. ಬೆಳಗಾವಿ ಜಿಲ್ಲೆಯಲ್ಲಿ ಸೋಯಾಬೀನ್ ಬೆಳೆಯುವವರು ಅದರ ಪುಡಿಯ ಬಗ್ಗೆಯೂ ಇದೇ ಪ್ರಶ್ನೆ ಕೇಳುತ್ತಾರೆ: ಶಸ್ತ್ರಚಿಕಿತ್ಸೆ ಆದವರಿಗೆ ದಿನಾ 20 ಗ್ರಾಂ ಸೋಯಾ ಪ್ರೋಟೀನ್ ಕೊಟ್ಟ ಪ್ರಯೋಗದಲ್ಲಿ ಕ್ಯಾನ್ಸರ್ ಮರುಕಳಿಸುವುದು ಕಡಿಮೆಯಾಗಲಿಲ್ಲ, 2013ರಲ್ಲಿ ವರದಿ ಬಂತು. ಕಾಳಿನಂತೆ ತಿನ್ನಲು ಅಡ್ಡಿ ಇಲ್ಲ.

ಗುಳಿಗೆಗಳ ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಹೇಳಬೇಕು, ಏಕೆಂದರೆ ಇಲ್ಲಿ ಹಾನಿ ಸಾಬೀತಾಗಿದೆ. ಸೆಲೆನಿಯಂ ಮತ್ತು ವಿಟಮಿನ್ ಇ ಈ ಕ್ಯಾನ್ಸರನ್ನು ತಡೆಯುತ್ತವೆ ಎಂಬ ಆಸೆ ಒಂದು ಕಾಲಕ್ಕೆ ವಿಜ್ಞಾನಿಗಳಿಗೂ ಇತ್ತು. ಫಿನ್ಲೆಂಡಿನ ಸಿಗರೇಟು ಸೇದುವವರ ಪ್ರಯೋಗದಲ್ಲಿ ದಿನಕ್ಕೆ 50 ಮಿಲಿಗ್ರಾಂ ವಿಟಮಿನ್ ಇ ತೆಗೆದುಕೊಂಡವರಿಗೆ ಕಡಿಮೆ ಬಂದಿತ್ತು. ಅದನ್ನು ಒರೆಗೆ ಹಚ್ಚಲು 2001ರಲ್ಲಿ ಅಮೆರಿಕ, ಕೆನಡಾ, ಪೋರ್ಟೊರಿಕೊದ 35,533 ಗಂಡಸರ ಮೇಲೆ ‘ಸೆಲೆಕ್ಟ್’ ಎಂಬ ಪ್ರಯೋಗ ಶುರುವಾಯಿತು. ಲಾಭ ಕಾಣದೆ 2008ರಲ್ಲಿ ಗುಳಿಗೆ ನಿಲ್ಲಿಸಿದರು. ನಂತರವೂ ಆ ಜನರನ್ನು ಗಮನಿಸುತ್ತ ಹೋದಾಗ, 2011ರ ಹೊತ್ತಿಗೆ, ಔಷಧಿಯಿಲ್ಲದ ಹುಸಿ ಗುಳಿಗೆ ತಿಂದ ಸುಮಾರು 8,700 ಜನರಲ್ಲಿ 529 ಮಂದಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬಂದಿತ್ತು. ವಿಟಮಿನ್ ಇ ಮಾತ್ರ ತಿಂದ ಅಷ್ಟೇ ಜನರಲ್ಲಿ 620 ಮಂದಿಗೆ. ಶೇ 17 ಹೆಚ್ಚು. ಮೈಯಲ್ಲಿ ಮೊದಲೇ ಸೆಲೆನಿಯಂ ಸಾಕಷ್ಟಿದ್ದವರಿಗೆ ಮೇಲೆ ಸೆಲೆನಿಯಂ ಕೊಟ್ಟಾಗ ಉಗ್ರ ಬಗೆಯ ಕ್ಯಾನ್ಸರ್ ಹೆಚ್ಚಿತು.

ಆ ಪ್ರಯೋಗದಲ್ಲಿ ಕೊಟ್ಟ ವಿಟಮಿನ್ ಇ ಪ್ರಮಾಣ 400 ಯೂನಿಟ್. ನಮ್ಮ ಔಷಧಿ ಅಂಗಡಿಗಳಲ್ಲಿ ಚೀಟಿ ಇಲ್ಲದೆ ಸಿಗುವ, ಕೂದಲಿಗೆ, ಕಾಲು ಸೆಳೆತಕ್ಕೆ ಎಂದು ವರ್ಷಗಟ್ಟಲೆ ನುಂಗುವ 400ರ ಗುಳಿಗೆಯೂ ಅಷ್ಟೇ. ಈಗ ತೆಗೆದುಕೊಳ್ಳುತ್ತಿದ್ದರೆ ನಿಲ್ಲಿಸಿ. ಸತುವಿನ ಗುಳಿಗೆ ದಿನಕ್ಕೆ 100 ಮಿಲಿಗ್ರಾಂ ದಾಟಿದವರಲ್ಲಿ ಮುಂದುವರಿದ ಕ್ಯಾನ್ಸರ್ ಹೆಚ್ಚು ಕಂಡದ್ದೂ ಇದೆ. ವಿಟಮಿನ್ ಡಿ ಕೊರತೆ ಇದ್ದವರು ಅದನ್ನು ಎಲುಬಿಗಾಗಿ ತೆಗೆದುಕೊಳ್ಳಲಿ; ಪ್ರಾಸ್ಟೇಟ್ ಕ್ಯಾನ್ಸರ್ ತಡೆಯುತ್ತದೆ ಎಂದಲ್ಲ. 2018ರಲ್ಲಿ ವರದಿಯಾದ 25,871 ಜನರ ಪ್ರಯೋಗದಲ್ಲಿ ವಿಟಮಿನ್ ಡಿಯಿಂದಾಗಲಿ, ಮೀನೆಣ್ಣೆಯಿಂದಾಗಲಿ ಅದು ಕಡಿಮೆಯಾಗಲಿಲ್ಲ.

ಅಣ್ಣನವರಿಗೆ ಯಾರಾದರೂ ಹೆಸರಿಲ್ಲದ ಪುಡಿ ತಂದುಕೊಟ್ಟು ‘ಪಿಎಸ್‌ಎ ಇಳಿಯುತ್ತದೆ’ ಎಂದರೆ ಒಂದು ಸಂಗತಿ ನೆನಪಿಡಿ. ಅಮೆರಿಕದಲ್ಲಿ ‘ಪಿಸಿ ಸ್ಪೆಸ್’ ಎಂಬ ಗಿಡಮೂಲಿಕೆ ಗುಳಿಗೆ ಬಹಳ ಮಾರಾಟವಾಗಿತ್ತು, ಪಿಎಸ್‌ಎ ನಿಜವಾಗಿಯೂ ಇಳಿಯುತ್ತಿತ್ತು. ಪರೀಕ್ಷಿಸಿದಾಗ ಅದರಲ್ಲಿ ಕೃತಕ ಹೆಣ್ಣು ಹಾರ್ಮೋನು, ರಕ್ತ ತೆಳುವಾಗಿಸುವ ವಾರ್ಫರಿನ್ ಸಿಕ್ಕವು. 2002ರಲ್ಲಿ ಮಾರುಕಟ್ಟೆಯಿಂದ ಹಿಂದಕ್ಕೆ ತೆಗೆದರು.

ಮಾಂಸ ತಿನ್ನುವವರಾದರೆ ಕುರಿ, ಮೇಕೆ ಮಾಂಸ ಬೇಯಿಸಿದ ತೂಕದಲ್ಲಿ ವಾರಕ್ಕೆ 350ರಿಂದ 500 ಗ್ರಾಂ ದಾಟದಿರಲಿ. ಕೆಂಡದ ಮೇಲೆ ಕರಿಕಾಗುವಂತೆ ಸುಟ್ಟದ್ದಕ್ಕಿಂತ ರಸ್ಸಾ ಮಾಡಿದ್ದು ಒಳ್ಳೆಯದು. ಸುಟ್ಟಾಗ ಹುಟ್ಟುವ ರಾಸಾಯನಿಕಗಳು ಜೀವಕಣಕ್ಕೆ ಹಾನಿ ಮಾಡುತ್ತವೆ. ಸಾವಜಿ ಊಟದಲ್ಲಿ ಮೇಲೆ ತೇಲುವ ಎಣ್ಣೆ ಸರಿಸಿ ಉಣ್ಣಿ. ಬೀಡಿ ಸೇದುತ್ತಿದ್ದರೆ ಬಿಡಿ. ಸೇದುವವರು ಈ ಕ್ಯಾನ್ಸರಿನಿಂದ ಸಾಯುವುದು ಹೆಚ್ಚು, ಅಣ್ಣನವರಿಗೂ ಇದನ್ನು ಹೇಳಿ.

ಕೊನೆಗೆ ಪಿಎಸ್‌ಎ. ಒಡಹುಟ್ಟಿದವರಿಗೆ ಬಂದಿದ್ದರೆ ನಿಮಗೆ ಬರುವ ಸಾಧ್ಯತೆ ಉಳಿದವರಿಗಿಂತ ಎರಡು ಪಟ್ಟು ಅಥವಾ ಅದಕ್ಕೂ ಹೆಚ್ಚು. ಯಾವ ತರಕಾರಿಯೂ ಅದನ್ನು ಅಳಿಸಲಾರದು. ಇಂಥ ಮನೆಯವರು 45ರಿಂದಲೇ ಡಾಕ್ಟರೊಡನೆ ಈ ಪರೀಕ್ಷೆಯ ಮಾತು ಎತ್ತಬೇಕು, ನಿಮಗೆ 54. ಯಾವ ಲಕ್ಷಣವೂ ಇಲ್ಲ ಎಂದು ಕಾಯಬೇಡಿ, ಆರಂಭದಲ್ಲಿ ಲಕ್ಷಣವೇ ಇರುವುದಿಲ್ಲ. ರಾತ್ರಿ ನಾಲ್ಕು ಸಲ ಏಳುವುದು, ಮೂತ್ರದ ಧಾರೆ ಸಣ್ಣಗಾಗುವುದು ಹೆಚ್ಚಾಗಿ ವಯಸ್ಸಿಗೆ ಗ್ರಂಥಿ ದಪ್ಪವಾಗುವುದರಿಂದ ಬರುತ್ತದೆ, ಅದು ಕ್ಯಾನ್ಸರ್ ಅಲ್ಲ. ತಾಯಿ, ಅಕ್ಕತಂಗಿಯರಲ್ಲಿ ಯಾರಿಗಾದರೂ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಅದನ್ನು ಮರೆಯದೆ ಡಾಕ್ಟರಿಗೆ ಹೇಳಿ. ಒಂದೇ ವಂಶವಾಹಿ ದೋಷದಿಂದ ಎರಡೂ ಬರುವುದುಂಟು.

ರಕ್ತ ಕೊಡುವ ಮುಂಚೆ ಎರಡು ದಿನ ಸಂಭೋಗ ಬೇಡ, ಸೈಕಲ್ ತುಳಿಯುವುದು ಬೇಡ. ಉರಿಮೂತ್ರ ಅಥವಾ ಮೂತ್ರದ ಸೋಂಕು ಆಗಿದ್ದರೆ ವಾಸಿಯಾಗಿ ಆರು ವಾರ ಕಳೆಯಲಿ. ಇಲ್ಲದಿದ್ದರೆ ಸಂಖ್ಯೆ ಸುಳ್ಳೇ ಏರಿ ಮನೆಮಂದಿ ಎಲ್ಲ ಗಾಬರಿಯಾಗಬೇಕಾಗುತ್ತದೆ. ಉಪವಾಸ ಬೇಕಿಲ್ಲ. ಗ್ರಂಥಿ ದಪ್ಪಗಾದದ್ದಕ್ಕೆ ಫಿನಾಸ್ಟೆರೈಡ್ ಅಥವಾ ಡುಟಾಸ್ಟೆರೈಡ್ ಗುಳಿಗೆ ಆರು ತಿಂಗಳಿಂದ ನುಂಗುತ್ತಿದ್ದರೆ ಪಿಎಸ್‌ಎ ಅರ್ಧಕ್ಕಿಳಿದಿರುತ್ತದೆ, ಬಂದ ಸಂಖ್ಯೆಯನ್ನು ಎರಡರಿಂದ ಗುಣಿಸಿ ಓದಬೇಕು. ಒಮ್ಮೆ 4 ದಾಟಿತೆಂದು ನೇರ ಬಯಾಪ್ಸಿಗೆ (ಗ್ರಂಥಿಯ ಚೂರು ತೆಗೆದು ನೋಡುವ ಪರೀಕ್ಷೆಗೆ) ಓಡಬೇಡಿ. ಕೆಲವು ವಾರ ಬಿಟ್ಟು ಅದೇ ಲ್ಯಾಬಿನಲ್ಲಿ ಮತ್ತೊಮ್ಮೆ ಮಾಡಿಸಿ. ಮತ್ತೆ ಹೆಚ್ಚೇ ಬಂದರೆ ಯುರಾಲಜಿ (ಮೂತ್ರಾಂಗ) ಡಾಕ್ಟರು ಬೆರಳಿನಿಂದ ಗ್ರಂಥಿ ಮುಟ್ಟಿ ನೋಡಿ, ಬೇಕಾದರೆ ಮೊದಲು ಎಂಆರ್‌ಐ ಮಾಡಿಸುತ್ತಾರೆ. ಜಮಖಂಡಿಯಿಂದ ಬಾಗಲಕೋಟೆ, ವಿಜಯಪುರ, ಬೆಳಗಾವಿ ಯಾವುದಕ್ಕೆ ಹೋದರೂ ಯುರಾಲಜಿ ಡಾಕ್ಟರು ಸಿಗುತ್ತಾರೆ. ಹೋಗುವಾಗ ಅಣ್ಣನವರ ಬಯಾಪ್ಸಿ ವರದಿಯ ಝೆರಾಕ್ಸ್ ಜೊತೆಗಿರಲಿ. ಅವರ ಗಡ್ಡೆ ಎಷ್ಟು ಉಗ್ರ ಬಗೆಯದು ಎಂಬುದನ್ನು ಅದರಲ್ಲಿ ಬರೆದಿರುವ ಗ್ಲೀಸನ್ ಅಂಕ ಹೇಳುತ್ತದೆ, ನಿಮ್ಮ ಮುಂದಿನ ಪರೀಕ್ಷೆ ಎಷ್ಟು ತಿಂಗಳಿಗೆ ಎಂದು ತೀರ್ಮಾನಿಸಲು ಡಾಕ್ಟರಿಗೆ ಅದು ಬೇಕಾಗುತ್ತದೆ.